ಕ್ಲಬ್ಬಿನ ಅರ್ಜಿ

ಗಾಲ್ಫ್ ಬೂಟಿಗೆ ಮೆತ್ತಿದ್ದ ಮಣ್ಣನ್ನು ಅತ್ತೆ ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಸೊಸೆ ಕೆಣಕಿದಳು: "ತಿಂಗಳಿಗೊಂದು ಸಲ ಆಡ್ತೀರಿ. ಆಡಿದ ದಿನ ದುಡ್ಡು ಕಟ್ಟಿದ್ರೆ ಸಾಲದಾ ಅತ್ತೆ? ಅಷ್ಟು ಸುರಿದು ಕ್ಲಬ್ಬಿನ ಸದಸ್ಯತ್ವ ಯಾಕೆ ಬೇಕು?"

"ಆಡೋದಕ್ಕಲ್ಲಮ್ಮ."

ಮೂವತ್ತು ವರ್ಷ ಆ ಕ್ಲಬ್ಬಿನ ಹುಲ್ಲು ಕತ್ತರಿಸಿದ್ದ ಅವಳ ಗಂಡನನ್ನು, ಚೆಂಡು ಕದ್ದನೆಂದು ಎಲ್ಲರೆದುರು ಜೇಬು ತಡಕಿ ಹೊರಗಟ್ಟಿದವನೇ ಇಂದಿಗೂ ಅಲ್ಲಿ ಅಧ್ಯಕ್ಷ. ಜೇಬಿನಲ್ಲಿ ಸಿಕ್ಕಿದ್ದು ಕರವಸ್ತ್ರ ಮಾತ್ರ.

"ನಾನ್ಯಾರು ಅಂತ ಅವನಿಗೆ ಗೊತ್ತಿಲ್ಲ. ಒಳ್ಳೆ ಹೊಡೆತ ಅಂತ ಹೊಗಳ್ತಾನೆ. ಸಭೇಲಿ ಒಬ್ಬ ಸದಸ್ಯ ಬೇಡ ಅಂದ್ರೂ ಅವನ ಕುರ್ಚಿ ಹೋಗುತ್ತೆ, ಅಲ್ಲಿನ ನಿಯಮ ಅದು. ಇದುವರೆಗೂ ಯಾರೂ ಅಂದಿಲ್ಲ."

ಸೊಸೆ ಬ್ರಷ್ಷನ್ನು ಕಿತ್ತುಕೊಂಡಳು. "ಬೂಟು ನಾನು ತಿಕ್ತೀನಿ. ನೀವು ಮೊದಲು ಹೋಗಿ ಅರ್ಜಿ ಹಾಕಿ ಬನ್ನಿ."

ಧೈರ್ಯ ಸಾಲದೆ ಎರಡು ವರ್ಷ ಬಟ್ಟೆಗಳ ಅಡಿಯಲ್ಲಿಟ್ಟಿದ್ದ ಅರ್ಜಿಯನ್ನು ಅತ್ತೆ ಬೀದಿ ಕೊನೆಯ ಅಂಚೆಪೆಟ್ಟಿಗೆಯೊಳಗೆ ಬಿಟ್ಟಳು.