ಹಳದಿ ಬಲ್ಬು

ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮುದುಕನೊಬ್ಬ ಕುಂಟುತ್ತ ಅಂಗಡಿಗೆ ಬಂದು, ಕಾರಿನ ಫಾಗ್ ಲೈಟಿಗೆ ಒಳ್ಳೆಯ ಎಲ್‌ಇಡಿ ಬಲ್ಬು ಬೇಕೆಂದ. ಬೆಳಗಿನಿಂದ ಗಿರಾಕಿಗಳಿಗೆ ಇದನ್ನೇ ವಿವರಿಸಿ ಸಾಕಾಗಿದ್ದ ಅಂಗಡಿಯವನು ಕೂತಲ್ಲಿಂದಲೇ ಎರಡು ಡಬ್ಬಿ ಮುಂದಿಟ್ಟ.

"ಬಿಳೀದು ಬೇಕಾ, ಹಳದೀದಾ?"

"ಮಂಜಿಗೆ ಯಾವ್ದು ಒಳ್ಳೇದು ಸಾಮಿ?"

"ಹಳದಿ. ಬಿಳಿ ಬರೀ ಶೋಕಿಗೆ. ಎದುರಿಗೆ ಬರೋರ ಕಣ್ಣಿಗೆ ಹೊಡೆಯುತ್ತೆ. ಪಾಪ, ಅವರಿಗೆ ರಸ್ತೆನೇ ಕಾಣಲ್ಲ."

"ಹಳದಿ ಹೊಡಿಯಾಕಿಲ್ವಾ?"

"ತಗ್ಗಿಸಿ ಕೂರಿಸಿದ್ರೆ ಹೊಡೆಯಲ್ಲ. ಬೆಳಕು ರಸ್ತೆ ಮೇಲೆ ಬೀಳಬೇಕು, ಜನರ ಮುಖದ ಮೇಲಲ್ಲ." ಅಂಗಡಿಯವನು ಆಕಳಿಸಿದ. "ಕೈಗೇನಾಯ್ತು?"

"ಮಂಜಲ್ಲಿ ಚರಂಡಿಗೆ ಬಿದ್ದೆ."

ಮುದುಕ ಚೌಕಾಸಿ ಮಾಡದೆ ದುಡ್ಡು ಕೊಟ್ಟ. ಅಂಗಡಿಯವನು ಸೊಂಟ ಹಿಡಿದುಕೊಂಡು ಎದ್ದ.

"ಕಾರೆಲ್ಲಿ? ತನ್ನಿ, ಈಗಲೇ ಕೂರಿಸಿಕೊಡ್ತೀನಿ."

ಮುದುಕ ಡಬ್ಬಿಯನ್ನು ಅವನ ಕಡೆಗೇ ತಳ್ಳಿದ.

"ಹೊರಗೆ ನಿಂತೈತಲ್ಲ ನಿಮ್ಮ ಕಾರು, ಅದಕ್ಕೇ ಹಾಕ್ಕಳಿ ಸಾಮಿ. ದಿನಾ ಬೆಳಿಗ್ಗೆ ಅದರ ಬಿಳಿ ಲೈಟಿಗೆ ಎದುರಾಗಿ ಸೈಕಲ್ ಮೇಲೆ ಹಾಲು ತರೋನು ನಾನು."