ಹೆಂಚಿನ ತೂಕದ ಫೋನು

“ಇದೂ ಹಗುರ. ಮೇಲಿನ ತನಕ ಹೋಗಲ್ಲ,” ಎಂದು ಹೆಂಚಕ್ಕ ಐದನೆಯ ಫೋನನ್ನೂ ಅಂಗೈಯಲ್ಲಿ ತೂಗಿ ನೋಡಿ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟಳು.

ಕ್ಯಾಮೆರಾದ ಗುಣಗಾನ ಮಾಡುತ್ತಿದ್ದ ಅಂಗಡಿಯವನು ಅರ್ಧಕ್ಕೇ ನಿಲ್ಲಿಸಿದ. “ಮೇಲೆ ಅಂದ್ರೆ ಎಲ್ಲಿಗೆ ಅಕ್ಕಾ?”

“ಮಾಡಿನ ಮೇಲಕ್ಕೆ. ಇವರಿರೋದೇ ಅಲ್ಲಿ,” ಎಂದು ಅವಳು ಗಂಡನ ಕಡೆ ಕಣ್ಣು ಹೊರಳಿಸಿದಳು.

ಮನೆಗಳ ಮಾಡಿಗೆ ಹೆಂಚು ಹೊದಿಸುವುದು ಈ ಗಂಡಹೆಂಡಿರ ಕಸುಬು. ಜನ ಇಟ್ಟ ಹೆಸರು ಹೆಂಚಣ್ಣ, ಹೆಂಚಕ್ಕ. ಅವನು ಮೇಲೆ, ಅವಳು ಕೆಳಗೆ. ಅವಳು ‘ಹೋಯ್’ ಎಂದು ಹೆಂಚು ಎಸೆದರೆ ಅವನು ತಿರುಗಿಯೂ ನೋಡದೆ ಕೈ ಚಾಚಿ ಹಿಡಿಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಹೆಂಚು ಒಡೆದದ್ದಿಲ್ಲ. ಒಡೆದದ್ದೆಲ್ಲ ಫೋನು, ಅದೂ ಒಂದೇ ವರ್ಷದಲ್ಲಿ ನಾಲ್ಕು. ಫೋನು ಇರುವುದು ಅವಳ ಹತ್ತಿರ, ಮಾತಾಡಬೇಕಾದವನು ಅವನು. ಪ್ರತಿ ಸಲ ಏಣಿ ಹತ್ತಿ ಹೋಗಿ ಕೊಡುವಷ್ಟು ಪುರುಸೊತ್ತು ಯಾರಿಗಿದೆ? ನಾಲ್ಕನೆಯದು ನಿನ್ನೆ ಮಧ್ಯಾಹ್ನ ನೆಲ ಕಚ್ಚಿತ್ತು. ಶಾಲೆಯ ಮಾಡಿನ ಕೆಲಸ ಯಾರಿಗೆ ಎಂಬುದನ್ನು ಹೆಡ್‌ಮಿಸ್ಸು ಇವತ್ತು ಸಂಜೆಯೊಳಗೆ ಇ-ಮೇಲ್ ಮಾಡಿ ತಿಳಿಸುವುದಾಗಿ ಹೇಳಿದ್ದರು. ಆರು ತಿಂಗಳ ಕೆಲಸ ಅದು. ಹೆಂಚಕ್ಕನಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅಂಗಡಿಯವನು ಕೆಳಗಿನ ಖಾನೆಗೆ ಕೈ ಹಾಕಿ ಒಂದು ದಪ್ಪನೆಯ ಫೋನು ತೆಗೆದ. “ಹಾಗಾದ್ರೆ ಇದೇ ನಿಮ್ಮದು. ಸುತ್ತ ರಬ್ಬರು, ಗಾಜಿಗಿಂತ ಅಂಚು ಎತ್ತರ. ಆಳೆತ್ತರದಿಂದ ಬಿದ್ರೂ ಏನಾಗಲ್ಲ. ಮೇಲ್ ಓದೋಕೆ ಅಕ್ಷರಾನೂ ದೊಡ್ಡದು. ನೋಡೋಕೆ ಸೋಪಿನ ಡಬ್ಬಿ ಥರ ಇದೆ ಅಂತ ಯಾರೂ ಮುಟ್ಟಲ್ಲ, ಅಷ್ಟೇ.”

ಹಳೆಯ ಫೋನಿನ ಸಿಮ್ಮು ಅದಕ್ಕೆ ಹಾಕಿ, ಮೇಲ್ ಬರುವ ಹಾಗೂ ಮಾಡಿ ಕೊಟ್ಟ. ಅಂಗೈಗೆ ಬಿದ್ದ ಕೂಡಲೇ ಹೆಂಚಕ್ಕನ ಮುಖ ಅರಳಿತು. ಸರಿಯಾದ ತೂಕ.

“ರೀ, ಅಟ್ಟ ಹತ್ತಿ.”

ಹೆಂಚಣ್ಣ ಅಂಗಡಿಯೊಳಗೆ ಹಿಂಬದಿಗಿದ್ದ ಏಣಿ ಹತ್ತಿ, ಖಾಲಿ ಡಬ್ಬಗಳ ನಡುವೆ ನಿಂತ. ಅಂಗಡಿಯವನು “ಅಕ್ಕಾ, ಅಕ್ಕಾ” ಎನ್ನುವಷ್ಟರಲ್ಲಿ ‘ಹೋಯ್’ ಎಂಬ ಕೂಗೂ ಫೋನೂ ಒಟ್ಟಿಗೇ ಹೊರಟವು. ಮೇಲೆ ಪಟ್. ಕೆಳಗೆ ಪಟ್. ಮೊದಲೆರಡು ಸಲ ಅಂಗಡಿಯವನ ಜೀವ ಬಾಯಿಗೆ ಬಂತು. ಮೂರನೆಯ ಸಲ ನಗು ಬಂತು. ನಾಲ್ಕನೆಯದಕ್ಕೆ, “ನಂಗೊಂದು ಸಲ ಕೊಡಿ ಅಕ್ಕಾ,” ಎಂದು ಅಂಗಿಯ ತೋಳು ಮಡಿಸಿ, ತಾನೂ ‘ಹೋಯ್’ ಎಂದು ಎಸೆದ. ಹೆಂಚಣ್ಣ ಅದನ್ನೂ ಹಿಡಿದ.

“ಇಷ್ಟು ಚೆನ್ನಾಗಿ ಹಿಡೀತಾರಲ್ಲ, ಮತ್ತೆ ಆ ನಾಲ್ಕು ಹೇಗೆ ಒಡೆದ್ವು?” ಎಂದ ಅಂಗಡಿಯವನು ಏದುಸಿರು ಬಿಡುತ್ತ.

“ಫೋನು ಅಂದ್ರೆ ಇವರಿಗೆ ಲಕ್ಷ್ಯ ಇಲ್ಲ.”

“ನಂಗಾ?” ಎಂದ ಹೆಂಚಣ್ಣ ಮೇಲಿಂದ. “ಫೋನು ಎಸೆಯೋವಾಗ ನೀನು ಹೋಯ್ ಅನ್ನೋದೇ ಇಲ್ಲ. ನಂಗೇನು ಬೆನ್ನಲ್ಲಿ ಕಣ್ಣಿದ್ಯಾ?”

“ಆ ಕಡೆ ಜನ ಲೈನಲ್ಲಿ ಇರ್ತಾರೆ ರೀ. ಅವರ ಕಿವಿಗೆ ಹೋಯ್ ಅಂತ ಕಿರುಚೋದಾ? ಮಾನ ಮರ್ಯಾದೆ ಬೇಡ್ವಾ?”

ಅಷ್ಟರಲ್ಲಿ ಹೆಂಚಣ್ಣನ ಕೈಯಲ್ಲಿ ಫೋನು ಟಣ್ ಎಂದಿತು. ಮೇಲ್. ಅವನು ಜೋರಾಗಿ ಓದಿದ: ‘ಕೆಲಸ ನಿಮಗೇ ಕೊಡುವ ಮನಸ್ಸಿದೆ. ಆದರೆ ನಾನು ಎರಡು ಸಲ ಫೋನ್ ಮಾಡಿದಾಗಲೂ ನಿಮ್ಮ ಮನೆಯವರು “ಕೊಡ್ತೀನಿ ಇರಿ” ಎಂದದ್ದೇ ತಡ, ದಡಾರ್ ಎಂದು ಲೈನ್ ಹೋಯಿತು. ಐದು ಗಂಟೆಗೆ ಕೊನೆಯ ಸಲ ಮಾಡುತ್ತೇನೆ. ಈಗಲೂ ನೀವು ಮಾತಿಗೆ ಸಿಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.’

ಹೆಂಚಕ್ಕನಿಗೆ ನಾಚಿಕೆಯೂ ಖುಷಿಯೂ ಒಟ್ಟಿಗೇ ಆಯಿತು. “ಇಲ್ಲಿ ಎಸೀರಿ,” ಎಂದು ಫೋನು ಹಿಡಿದು, ‘ಆಗಲಿ ಮೇಡಂ, ಕಾಯುತ್ತಿರುತ್ತೇವೆ’ ಎಂದು ಒಂದೇ ಬೆರಳಿನಲ್ಲಿ ಬರೆದು ಕಳಿಸಿದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು.

“ಅಣ್ಣಾ, ಹೇಗೂ ಮೇಲಿದ್ದೀರಿ. ಆ ಮೂಲೇಲಿ ಸೋರುತ್ತೆ, ಒಂಚೂರು ನೋಡ್ತೀರಾ?” ಎಂದ ಅಂಗಡಿಯವನು.

ಸೋರುವ ಮಾಡು ಎಂದರೆ ಹೆಂಚಣ್ಣನಿಗೆ ಇರುವೆಗೆ ಬೆಲ್ಲ ಸಿಕ್ಕ ಹಾಗೆ. ಎರಡು ಹೆಂಚು ಸರಿಸಿ, ಸಂದಿಯಲ್ಲಿ ತಲೆ ತೂರಿಸಿ, ಎದೆಯಿಂದ ಮೇಲೆ ಬಯಲಿಗೆ ಸೇರಿಬಿಟ್ಟ. ಎರಡು ಕಾಲು, ಒಂದು ಕೈ ಮಾತ್ರ ಒಳಗೆ ಉಳಿದವು. ಹಾಗೇ ಐದು ಗಂಟೆಯಾಯಿತು. ಫೋನು ಹೊಡೆದುಕೊಂಡಿತು.

“ನಮಸ್ಕಾರ ಮೇಡಂ. ಇದ್ದಾರೆ, ಇದ್ದಾರೆ. ಕೊಡ್ತೀನಿ ಇರಿ,” ಎಂದಳು ಹೆಂಚಕ್ಕ, ಇದ್ದಬದ್ದ ವಿನಯವನ್ನೆಲ್ಲ ದನಿಗೆ ತಂದುಕೊಂಡು. ಇಪ್ಪತ್ತೆರಡು ವರ್ಷ ಪಳಗಿದ ತೋಳು ಅವಳ ಅಪ್ಪಣೆಗೆ ಕಾಯಲಿಲ್ಲ. ಫೋನು ಕೈಬಿಟ್ಟು ಅರ್ಧ ಏಣಿ ದಾಟಿದ ಮೇಲೆ ಅವಳಿಗೆ ಹೊಳೆಯಿತು, ಹೋಯ್ ಅಂದಿಲ್ಲ. ಶಾಲೆಯ ಇಡೀ ಮಾಡು ಅವಳ ಕಣ್ಣೆದುರೇ ಗಾಳಿಯಲ್ಲಿ ಹಾರಿಹೋಗುತ್ತಿತ್ತು.

“ಹೋ...ಯ್!”

ಅಂಗಡಿಯವನು ಕೂಗಿದ ರಭಸಕ್ಕೆ ಕಪಾಟಿನ ಗಾಜು ನಡುಗಿತು. ಅಟ್ಟದಲ್ಲಿ ನೇತಾಡುತ್ತಿದ್ದ ಆ ಒಂದು ಕೈ ತಾನಾಗಿ ಚಾಚಿಕೊಂಡಿತು. ಪಟ್.

ಕೈ ಫೋನಿನ ಸಮೇತ ಹೆಂಚಿನ ಸಂದಿಯಿಂದ ಹೊರಗೆ ಹೋಯಿತು. ಮೇಲಿಂದ ಹೆಂಚಣ್ಣನ ನಿಧಾನದ ದನಿ ಕೇಳಿಸಿತು.

“ನಮಸ್ಕಾರ ಮೇಡಂ... ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ನಮ್ಮಲ್ಲಿ ಫೋನು ಕೊಡೋದೇ ಹೀಗೆ.”