ಅರ್ಧ ಬಾಡಿಗೆ

ನಗರಸಭೆಯ ಅಗ್ಗದ ಬಾಡಿಗೆ ಮನೆಗೆ ಹಾಕಿದ ಅರ್ಜಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಅವನಿಗೆ ಸಿಕ್ಕಿದ್ದು ಊರವರೆಲ್ಲ ಬೇಡವೆಂದ ಮನೆ.

"ನಮ್ಮಮ್ಮ ಇಲ್ಲೇ ಧನಿಷ್ಠಾ ಪಂಚಕದಲ್ಲಿ ತೀರ್ಕೊಂಡ್ರು," ಎಂದು ಓನರ್ ಮೊದಲೇ ಹೇಳಿದ್ದರು. "ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೇಗೆ ಆರು ತಿಂಗಳು ಯಾರೂ ಕಾಲಿಡಲ್ಲ. ಬೀಗ ಹಾಕೋ ಬದಲು ಅರ್ಧ ಬಾಡಿಗೆಗೆ ಕೊಡ್ತೀನಿ. ನಿಮಗೆ ಭಯ ಇಲ್ವಾ?"

"ಬೀದೀಲಿರೋದಕ್ಕಿಂತ ದೊಡ್ಡ ಭಯ ಯಾವುದು ಸಾರ್?" ಎಂದು ಅವನು ನಕ್ಕಿದ್ದ.

ಆರು ತಿಂಗಳು ತುಂಬುತ್ತಲೇ ಓನರ್ ಮತ್ತೆ ಬಂದರು. "ದೋಷ ಕಳೀತಲ್ಲ. ಮುಂದಿನ ತಿಂಗಳಿಂದ ಪೂರ್ತಿ ಬಾಡಿಗೆ ಕೊಡಿ, ಇಲ್ಲಾಂದ್ರೆ ಖಾಲಿ ಮಾಡಿ. ಕೇಳೋರು ಬೇಕಾದಷ್ಟು ಜನ ಇದಾರೆ."

ಅದೇ ವಾರ ಅವನ ಅಪ್ಪ ಹಾಸಿಗೆ ಹಿಡಿದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದರು. ಅವನು ಮಾತ್ರ ಬಿಡಲಿಲ್ಲ. ಕೆಲಸಕ್ಕೆ ರಜೆ ಹಾಕಿ ಅಪ್ಪನ ಪಕ್ಕದಲ್ಲೇ ಕೂತ. ನರ್ಸನ್ನು ಮನೆಗೇ ಕರೆಸಿ ಡ್ರಿಪ್ ಹಾಕಿಸಿದ. ಆಕ್ಸಿಜನ್ ಸಿಲಿಂಡರನ್ನು ತಾನೇ ಹೊತ್ತು ತಂದ. ಹುಟ್ಟಿದರೆ ಇಂಥ ಮಗ ಹುಟ್ಟಬೇಕು ಎಂದು ಅಕ್ಕಪಕ್ಕದವರು ಕಣ್ಣೊರೆಸಿಕೊಂಡರು.

ಸೂಜಿ ಚುಚ್ಚಿ ಚುಚ್ಚಿ ಮುದುಕರ ಕೈ ಕಪ್ಪಾಗಿ ಊದಿಕೊಂಡಿತ್ತು.

"ಮಾವ ಸಾಕು ಸಾಕು ಅಂತ ಕೈ ಮುಗೀತಿದಾರೆ," ಎಂದಳು ಹೆಂಡತಿ. "ಹೋಗೋ ಜೀವಾನ ಯಾಕ್ರೀ ಹೀಗೆ ಹಿಂಸೆ ಮಾಡ್ತೀರ?"

ಅವನು ಗೋಡೆಯ ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ.

"ಗುರುವಾರದ ತನಕ ಹೇಗಾದ್ರೂ ಉಳಿಸ್ಕೋಬೇಕು ಕಣೇ. ಧನಿಷ್ಠಾ ಪಂಚಕ ಶುರುವಾಗೋದು ಅವತ್ತು."